ಐಸ್ ಫ್ಯಾಕ್ಟರಿ ದಾಟಿ ಬಲಕ್ಕೆ

"ಐದು ಗುರುತು ಹೇಳಿದ. ಐದರಲ್ಲಿ ಒಂದೂ ಇಲ್ಲ," ಎಂದ ಹಝ್ರತ್ ಗುಲ್, ತನ್ನ ಪಿಕಪ್ಪಿನ ಬಾನೆಟ್ಟಿಗೆ ಒರಗಿ.

ಬಹರೈನ್ ದ್ವೀಪ, ಟುಬ್ಲಿಯ ಗ್ಯಾರೇಜುಗಳ ಸಾಲು. ಗುರುವಾರ ಬೆಳಿಗ್ಗೆ ಗಂಟೆ ಒಂಬತ್ತು ಹತ್ತು. ಎರಿಕ್ ನೋಟ್‌ಬುಕ್ ತೆರೆದ. ಅವನ ಹೆಂಡತಿ ಕಾರ್ಮಿನ್ ಕಾರಿನ ಎಸಿ ಬಿಟ್ಟು ಹೊರಗೆ ಬರಲು ಒಪ್ಪದೆ, ಕಿಟಕಿಯನ್ನು ನಾಲ್ಕು ಬೆರಳಿನಷ್ಟು ಇಳಿಸಿ ಕಿವಿ ಮಾತ್ರ ಹೊರಗೆ ಕಳಿಸಿದ್ದಳು.

ಕನ್ನಡ ಕೂಟದ ಸಭಾಂಗಣದಿಂದ ಸೋಮವಾರ ಕಾಣೆಯಾದ ಮುಚ್ಚಳ ಈ ಪಠಾಣನ ಪಿಕಪ್ಪಿನಲ್ಲೇ ಹೋಯಿತು ಎಂಬುದು ಹಿಂದಿನ ಸಂಜೆ ಖಚಿತವಾಗಿತ್ತು. ಕಳಿಸಿದವರು ಯಾರು ಎಂಬುದು ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಗೊತ್ತಾಗಬೇಕಿತ್ತು.

ಮುಚ್ಚಳವೆಂದರೆ ಅಡುಗೆಮನೆಯದಲ್ಲ. ಅಡ್ಡಳತೆ ನಾಲ್ಕಡಿ, ತೂಕ ಮೂವತ್ತೊಂದು ಕಿಲೋ, ಫೈಬರ್‌ಗ್ಲಾಸಿನದು, ಮೇಲೆ ಚಿನ್ನದ ಬಣ್ಣ. ದಕ್ಷಿಣದ ಬಯಲಿಗೆ ಹೋಗುವ ರಸ್ತೆಯಲ್ಲಿ 1985ರಿಂದ 2011ರವರೆಗೆ ಒಂದು ರೌಂಡ್‌ಅಬೌಟ್ ಇತ್ತು. ಅದರ ನಡುವೆ, ಅರಬರು ಕಾಫಿ ಬಗ್ಗಿಸುವ ದಲ್ಲಾ ಎಂಬ ಪಾತ್ರೆಯ ಎರಡಾಳೆತ್ತರದ ಪ್ರತಿಮೆ. ಅದರ ಕೊಕ್ಕು ನೋಡಿದ ನಮ್ಮ ಕರಾವಳಿಯವರು ಅದನ್ನು ಗಿಂಡಿ ಎಂದರು. ಜಾಗಕ್ಕೆ ಗಿಂಡಿ ಸರ್ಕಲ್ ಎಂಬ ಹೆಸರಾಯಿತು. ಗಿಂಡಿಗೆ ಮುಚ್ಚಳ ಇರುವುದಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಸಿಗ್ನಲ್ ಬಂತು, ಗಿಂಡಿ ಹೋಯಿತು, ಮುಚ್ಚಳವೊಂದು ಸರ್ಕಾರಿ ಉಗ್ರಾಣದಲ್ಲಿ ಉಳಿಯಿತು.

ಕೂಟದವರು ಎರಡು ವರ್ಷದಿಂದ ಆ ಬಯಲಿನ ಇತಿಹಾಸ ಬರೆಯುತ್ತಿದ್ದರು. 'ಬಯಲಿನ ಗುರುತುಗಳು' ಎಂಬ ಹಸ್ತಪ್ರತಿಯಲ್ಲಿ ಬಾವಿ, ಬೋರ್ಡು, ಮರ, ಕೆಫೆಟೇರಿಯಾ ಎಂದು ಒಟ್ಟು 214 ಗುರುತುಗಳು. ಪ್ರತಿಯೊಂದಕ್ಕೂ ಹುಟ್ಟಿದ ವರ್ಷ, ಅಳಿದ ವರ್ಷ. ಶುಕ್ರವಾರ ಪುಸ್ತಕ ಬಿಡುಗಡೆ ಮತ್ತು ಪ್ರದರ್ಶನ. ಪ್ರದರ್ಶನದ ನಟ್ಟನಡುವೆ ತೂಗುಹಾಕಲು ಮುಚ್ಚಳವನ್ನು ಕಡ ತಂದಿದ್ದರು. ತರುವಾಗ ರಶೀದಿಗೆ ಸಹಿ ಹಾಕಿದ್ದು ಕೂಟದ ವ್ಯಾನಿನ ಡ್ರೈವರ್ ನಿಝಾಮ್, ಏಕೆಂದರೆ ಆ ಹೊತ್ತಿಗೆ ಪೆನ್ನಿನ ಹತ್ತಿರ ನಿಂತಿದ್ದವನು ಅವನೊಬ್ಬನೇ.

ಅಧ್ಯಕ್ಷ ಮೌರಿಸ್ ಬುಧವಾರ ಗುಂಪಿನ ವಾಟ್ಸ್ಯಾಪಿನಲ್ಲಿ ಘೋಷಿಸಿದ್ದರು: ಗುರುವಾರ ಹನ್ನೆರಡರೊಳಗೆ ಮುಚ್ಚಳ ಬಾರದಿದ್ದರೆ ರಶೀದಿಯ ಸಹಿದಾರನ ಮೇಲೆ ಪೊಲೀಸ್ ದೂರು. ನಿಝಾಮನಿಗೆ ಗುರುವಾರ ರಾತ್ರಿಯೇ ಮಂಗಳೂರಿನ ವಿಮಾನ. ಭಾನುವಾರ ಉಪ್ಪಿನಂಗಡಿಯಲ್ಲಿ ಮಗಳ ನಿಖಾಹ್. ದೂರು ದಾಖಲಾದರೆ ಅವನು ವಿಮಾನ ಹತ್ತುವುದು ಅನುಮಾನ, ಮತ್ತು ತಂದೆ ಇಲ್ಲದೆ ನಿಖಾಹ್ ನಡೆಸುವುದಿಲ್ಲವೆಂದು ಹುಡುಗಿ ಹಟ ಹಿಡಿದಿದ್ದಳು.

ಎರಿಕ್ ಪೊಲೀಸನಲ್ಲ, ಕೂಟದ ಸದಸ್ಯ. ಸೀಫ್‌ನ ಒಂದು ವಿಮಾ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ಲೇಮ್ ಸರ್ವೇಯರ್. ಜನ ಸುಳ್ಳು ಹೇಳುವುದಕ್ಕೆ ಅವನು ಬೇಸರಿಸುತ್ತಿರಲಿಲ್ಲ, ದಿನಾಂಕ ತಪ್ಪು ಹೇಳಿದರೆ ಬೇಸರಿಸುತ್ತಿದ್ದ.

"ಫೋನ್ ಮಾಡಿದವನ ನಂಬರ್?" ಎಂದು ಕೇಳಿದ.

ನಂಬರ್ ಇರಲಿಲ್ಲ. ಪಿಕಪ್ ಸ್ಟ್ಯಾಂಡಿನ ಚಾಯ ಅಂಗಡಿಯಲ್ಲಿ ಒಂದು ಹಳೆಯ ಫೋನು, ಯಾರು ಖಾಲಿ ಇರುತ್ತಾರೋ ಅವರು ಎತ್ತುತ್ತಾರೆ, ಬಾಡಿಗೆ ಎತ್ತಿದವನಿಗೆ. ಸೋಮವಾರ ಒಂದು ಗಂಟೆಗೆ ಎತ್ತಿದ್ದು ಹಝ್ರತ್ ಗುಲ್. ಆ ಕಡೆಯ ಹಿಂದಿ ತನ್ನ ಹಿಂದಿಗಿಂತ ಕೆಟ್ಟದಾಗಿತ್ತು ಎಂದು ಅವನು ಹೆಮ್ಮೆಯಿಂದ ಹೇಳಿದ. ಸಭಾಂಗಣದ ಹಿಂಬಾಗಿಲಿನ ಹೊರಗೆ ಬೆಡ್‌ಶೀಟು ಸುತ್ತಿದ ದುಂಡನೆಯ ವಸ್ತು ಗೋಡೆಗೆ ಒರಗಿತ್ತು, ಅದರ ಕೆಳಗೆ ಬಾಡಿಗೆ. ಹೇಳಿದ ಜಾಗದಲ್ಲಿ ಇಳಿಸಿ ಹೋಗಬೇಕು, ಯಾರನ್ನೂ ಕಾಯಬಾರದು.

ಹೇಳಿದ ಜಾಗ ಸಿಗಲು ಐವತ್ತು ನಿಮಿಷ ಬೇಕಾಯಿತು. ದಲ್ಲಾ ರೌಂಡ್‌ಅಬೌಟಿನಿಂದ ನೇರ, ಐಸ್ ಫ್ಯಾಕ್ಟರಿ ದಾಟಿ ಬಲಕ್ಕೆ, ಸಿಹಿನೀರಿನ ಬಾವಿಯ ಹತ್ತಿರ ಎಡಕ್ಕೆ, ಒಂಟೆಯ ಬೋರ್ಡಿನ ಎದುರು, ಟೆಲಿಫೋನ್ ಡಬ್ಬಿಯ ಹಿಂದೆ. ಹಝ್ರತ್ ಗುಲ್ ಒಂದೇ ರಸ್ತೆಯಲ್ಲಿ ಆರು ಸಲ ಓಡಾಡಿದ. ಕೊನೆಗೆ ಒಂದು ಕ್ಷೌರದಂಗಡಿಯ ಹೊರಗೆ ಕೂತಿದ್ದ ಮುದಿ ಅರಬನೊಬ್ಬನನ್ನು ಕೇಳಿದ. ಅಜ್ಜ ಸಂತೋಷದಿಂದ ಪಿಕಪ್ ಹತ್ತಿಯೇ ಬಿಟ್ಟ. ಹೋಗುವಾಗ ಮೂರು ಕಡೆ ಗಾಡಿ ನಿಲ್ಲಿಸಿ, ಖಾಲಿ ಜಾಗ ತೋರಿಸಿ, ಇಲ್ಲಿ ಏನಿತ್ತು ಎಂದು ವಿವರಿಸಿದ. ಇಳಿಯುವಾಗ ಇಂಥ ಗಿರಾಕಿ ಇನ್ನೊಬ್ಬರಿದ್ದರೆ ಕರೆದುಕೊಂಡು ಬಾ ಎಂದ.

"ದಲ್ಲಾ ಇಲ್ಲ, ಸಾಬ್," ಎಂದ ಹಝ್ರತ್ ಗುಲ್. "ಐದು ಗುರುತಿನಲ್ಲಿ ಉಳಿದದ್ದು ದಲ್ಲಾದ ಮುಚ್ಚಳ ಮಾತ್ರ. ಅದು ನನ್ನ ಗಾಡಿಯ ಹಿಂದೆ ಇತ್ತು."

ಅವನು ಇಳಿಸಿದ ಜಾಗವನ್ನು, ಹಿಂದಿನ ಸಂಜೆಯೇ ಅವನು ಕಳಿಸಿದ್ದ ಲೊಕೇಶನ್ ಹಿಡಿದು, ಎರಿಕ್ ಬೆಳಿಗ್ಗೆ ಏಳಕ್ಕೇ ನೋಡಿ ಬಂದಿದ್ದ. ಅರ್ಧ ಗೋಡೆ, ಎರಡು ಬೆಕ್ಕು, ಮರಳಿನಲ್ಲಿ ದುಂಡನೆಯ ಅಚ್ಚು. ಮುಚ್ಚಳವನ್ನು ಅಲ್ಲಿಂದ ಮತ್ತೆ ಯಾರೋ ಒಯ್ದಿದ್ದರು.

*

ಕಾರು ಹಮದ್ ಟೌನ್ ಕಡೆಗೆ ಹೊರಟಿತು. ಕಾರ್ಮಿನ್ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಈ ದಿನ ಮಧ್ಯಾಹ್ನದ ಡ್ಯೂಟಿ. ಮನೆಯಲ್ಲಿ ಓಡಿಸುವವಳು ಅವಳೇ, ದಾರಿ ಹೇಳುವವನು ಎರಿಕ್. ಇಪ್ಪತ್ತು ವರ್ಷದಿಂದ ಅವನು ಹೇಳುತ್ತಾನೆ, ಅವಳು ತನಗೆ ಗೊತ್ತಿರುವ ದಾರಿಯಲ್ಲಿ ಹೋಗುತ್ತಾಳೆ.

ಎರಿಕ್ ತೊಡೆಯ ಮೇಲೆ ಹಸ್ತಪ್ರತಿ ಬಿಡಿಸಿದ. ಅದರ ಇಸವಿಗಳನ್ನು ತಾಳೆ ನೋಡಿದ್ದು ಅವನೇ. ಮೌರಿಸ್ ಬರೆದ ಮೂವತ್ತೊಂದು ಗುರುತುಗಳನ್ನು ಆಧಾರವಿಲ್ಲವೆಂದು ಹೊಡೆದುಹಾಕಿದ್ದನು, ಅದಾದ ಮೇಲೆ ಮೌರಿಸ್ ಅವನನ್ನು ಕಂಡಾಗ ಕೈ ಕುಲುಕುವ ಬದಲು ತಲೆ ಮಾತ್ರ ಆಡಿಸುತ್ತಿದ್ದರು.

ಐಸ್ ಫ್ಯಾಕ್ಟರಿ 1983ರಿಂದ 1997. ಬಾವಿ ಮುಚ್ಚಿದ್ದು 2001ರಲ್ಲಿ. ಟೈರು ಕಂಪನಿಯ ಒಂಟೆಯ ಬೋರ್ಡು 1986ರಿಂದ 2003. ಟೆಲಿಫೋನ್ ಡಬ್ಬಿ 1984ರಿಂದ 2008. ಎರಿಕ್ ಪೆನ್ಸಿಲಿನಲ್ಲಿ ಗೆರೆ ಎಳೆದ. ಐದೂ ಗುರುತು ಒಟ್ಟಿಗೆ ನಿಂತಿದ್ದದ್ದು 1986 ಮತ್ತು 1997ರ ನಡುವೆ ಮಾತ್ರ.

"ಗಲ್ಫಿಗೆ ಬಂದವನು ತಾನು ದಾರಿ ಕಲಿತ ವರ್ಷದಲ್ಲೇ ಉಳಿದು ಬಿಡ್ತಾನೆ," ಎಂದ. "ಎದುರು ಇರುವುದು ಅವನಿಗೆ ಕಾಣುದಿಲ್ಲ. ಆಗ ಇದ್ದದ್ದು ಕಾಣ್ತದೆ."

"ಹಾಗಾ? ಇಲ್ಲಿಂದ ನಮ್ಮ ಮನೆಗೆ ದಾರಿ ಹೇಳಿ ನೋಡುವ."

"ನೇರ ಹೋಗಿ, ವಿಡಿಯೋ ಕ್ಯಾಸೆಟಿನ ಅಂಗಡಿಯ ಹತ್ತಿರ ಎಡಕ್ಕೆ..." ಎರಿಕ್ ನಿಲ್ಲಿಸಿದ.

"ಎರಡು ಸಾವಿರದ ಮೂರು," ಎಂದಳು ಕಾರ್ಮಿನ್, ಗೇರು ಬದಲಿಸುತ್ತಾ. "ಮದುವೆಯಾಗಿ ನಾನು ಬಂದ ವರ್ಷ. ನೆನಪು ಉಂಟಲ್ಲ, ಸಾಕು."

ಸಭಾಂಗಣದ ಕೀಲಿ ಇದ್ದದ್ದು ಮೂವರ ಬಳಿ: ನಿಝಾಮ್, ಅಧ್ಯಕ್ಷ ಮೌರಿಸ್, ಉಪಾಧ್ಯಕ್ಷ ಅಲಿ ಕಾಕ. ನಿಝಾಮ್ ಬಂದದ್ದು 2016ರಲ್ಲಿ. ಎರಿಕ್ ಹಿಂದಿನ ರಾತ್ರಿ ಅವನ ಹತ್ತಿರ ಅದೇ ಖಾಲಿ ಜಾಗಕ್ಕೆ ದಾರಿ ಕೇಳಿದ್ದ. ಮೊದಲ ಸ್ಪೀಡ್ ಕ್ಯಾಮರಾ, ಎರಡನೆಯ ಸ್ಪೀಡ್ ಕ್ಯಾಮರಾ, ಆಮೇಲೆ ರೆಡ್ ಲೈಟಿನ ಕ್ಯಾಮರಾ, ಅದರ ಬಲಕ್ಕೆ ಎಂದಿದ್ದ ನಿಝಾಮ್. ಅವನ ಬಹರೈನಿನಲ್ಲಿ ಬೇರೆ ಯಾವ ಕಟ್ಟಡವೂ ಇರಲಿಲ್ಲ.

ಮೌರಿಸ್‌ಗೆ ಎರಿಕ್ ಕಾರಿನಿಂದಲೇ ಫೋನ್ ಮಾಡಿದ. ಮೌರಿಸ್ 1989ರಲ್ಲಿ ಬಂದವರು. ಇಸವಿಯ ಲೆಕ್ಕದಲ್ಲಿ ಸಿಕ್ಕಿಬೀಳಬೇಕಿತ್ತು. ಆದರೆ ಮೊದಲ ಹದಿಮೂರು ವರ್ಷ ಅವರು ಮನಾಮದ ಹೋಟೆಲೊಂದರ ರಿಸೆಪ್ಶನ್ ಬಿಟ್ಟು ಹೊರಗೆ ಬಂದಿರಲಿಲ್ಲ. ದಾರಿ ಕೇಳಿದರೆ ಅವರು ಬಾಯಲ್ಲಿ ಹೇಳಲೇ ಇಲ್ಲ. ಬ್ಲಾಕ್ ನಂಬರ್, ರೋಡ್ ನಂಬರ್ ಟೈಪ್ ಮಾಡಿ, ಲೊಕೇಶನ್ ಕಳಿಸಿ, ಸ್ಥಳೀಯ ಇತಿಹಾಸ ಬರೆಯುವವರಿಗೆ ಇಷ್ಟಾದರೂ ಗೊತ್ತಿರಬೇಕು ಎಂದು ಒಂದು ಸಾಲು ಸೇರಿಸಿದರು.

ಉಳಿದದ್ದು ಅಲಿ ಕಾಕ. 1984ರಲ್ಲಿ ಬಂದವರು. 1987ರಿಂದ ಒಂಬತ್ತು ವರ್ಷ ಅದೇ ಬಯಲಿನಲ್ಲಿ ಬ್ರೆಡ್ಡಿನ ವ್ಯಾನ್ ಓಡಿಸಿದವರು. 214 ಗುರುತುಗಳಲ್ಲಿ ನೂರರಷ್ಟು ಅವರ ಬಾಯಿಂದ ಬಂದಂಥವು.

"ಅವರು ಕದಿಯುದಾ?" ಕಾರ್ಮಿನ್ ತಲೆಯಾಡಿಸಿದಳು. "ನನ್ನ ಬಾಣಂತನದಲ್ಲಿ ನಲುವತ್ತು ದಿನ ಹಾಲು ಕಳಿಸಿದ ಮನುಷ್ಯ. ಬಿಲ್ಲು ಕೇಳಿದರೆ ಕಿವಿ ಕೇಳುದಿಲ್ಲ ಅಂತ ಹೇಳ್ತಿದ್ರು."

ಎರಿಕ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ. ಅದಕ್ಕೆ ಆಧಾರ ಬೇಕಿರಲಿಲ್ಲ.

*

ಅಲಿ ಕಾಕನ ಕೋಲ್ಡ್ ಸ್ಟೋರ್ ಹಮದ್ ಟೌನಿನ ಅಂಚಿನಲ್ಲಿತ್ತು. ಹೆಸರಿಗೆ ಕೋಲ್ಡ್ ಸ್ಟೋರ್ ಆದರೂ, ಆ ದ್ವೀಪದ ಎಲ್ಲ ಕೋಲ್ಡ್ ಸ್ಟೋರುಗಳಂತೆ, ಅದು ಉಪ್ಪಿನಿಂದ ಹಿಡಿದು ಫೋನ್ ಚಾರ್ಜರ್‌ವರೆಗೆ ಸಿಗುವ ದಿನಸಿ ಅಂಗಡಿ. ಬಾಗಿಲಲ್ಲಿ ನೀರಿನ ಕ್ಯಾನುಗಳು, ಒಳಗೆ ಕುಚ್ಚಲಕ್ಕಿ, ಒಣಮೀನು, ಕೌಂಟರಿನ ಹಿಂದೆ ಅರುವತ್ತಾರರ ಅಲಿ ಕಾಕ, ಬಿಳಿ ಟೊಪ್ಪಿ, ಬಿಳಿ ಗಡ್ಡ, ಕನ್ನಡಕಕ್ಕೆ ದಾರ.

ಗಂಟೆ ಹತ್ತು ಮುಕ್ಕಾಲು.

"ಬನ್ನಿ ಪೊರ್ಬುಗಳೇ, ಬನ್ನಿ ಬಾಯಮ್ಮ. ಕೂತುಕೊಳ್ಳಿ," ಎಂದು, ಕರಾವಳಿಯಲ್ಲಿ ಕ್ರೈಸ್ತ ಗಂಡಹೆಂಡಿರನ್ನು ಕರೆಯುವ ಹಾಗೆ ಕರೆದು, ಅವರು ಎರಡು ಸೋಡಾ ಕ್ರೇಟು ತಿರುವಿಹಾಕಿದರು. ಕೇಳದೆಯೇ ಲಿಂಬೆ ಶರಬತ್ತು ಬಂತು. ಮಕ್ಕಳು, ಬಿಸಿಲು, ಬಂಗುಡೆಯ ರೇಟು ಎಲ್ಲ ಆಯಿತು.

ಎರಿಕ್ ಸಹಜವಾಗಿ, ನಾಳಿನ ಅತಿಥಿಗಳಿಗೆ ತೋರಿಸಲು ಎಂಬಂತೆ, ಆ ಅರ್ಧ ಗೋಡೆಯ ಖಾಲಿ ಜಾಗಕ್ಕೆ ದಾರಿ ಕೇಳಿದ.

ಅಲಿ ಕಾಕ ಕನ್ನಡಕ ಸರಿಪಡಿಸಿಕೊಂಡರು. ಗಂಟಲು ಸರಿಪಡಿಸಿಕೊಂಡರು. "ಸಿಗ್ನಲ್‌ನಿಂದ ಎರಡು ಪಾಯಿಂಟ್ ನಾಲ್ಕು ಕಿಲೋಮೀಟರ್. ಡ್ರೈವ್-ಥ್ರೂ ಕಾಫಿ ಅಂಗಡಿ ಸಿಗ್ತದೆ. ಅಲ್ಲಿ ಬಲಕ್ಕೆ. ಬ್ಲಾಕ್ ನಂಬರ್ ಬೇಕಾ? ಬರೆದು ಇಟ್ಟಿದ್ದೇನೆ."

ಅವರ ಅಂಗೈಯಲ್ಲಿ ಒಂದು ಚೀಟಿ ಇತ್ತು.

ಎರಿಕ್ ಕಾರ್ಮಿನ್‌ಳನ್ನು ನೋಡಿದ. ಕಾರ್ಮಿನ್ ಶರಬತ್ತಿನ ಗ್ಲಾಸು ನೋಡಿದಳು. ನಲುವತ್ತೊಂದು ವರ್ಷ ಈ ದ್ವೀಪದಲ್ಲಿ ಬಾಳಿ, ಒಂದೇ ಒಂದು ಬ್ಲಾಕ್ ನಂಬರ್ ಬಾಯಿಗೆ ತರದ ಮನುಷ್ಯ. ಸ್ವಂತ ಅಂಗಡಿಯ ವಿಳಾಸವನ್ನು ಲೈಸೆನ್ಸ್ ಕಾಗದ ನೋಡಿ ಹೇಳುವವರು.

"ಮೌರಿಸ್ ಫೋನ್ ಮಾಡಿದ್ರಾ?" ಎಂದು ಎರಿಕ್ ಕೇಳಿದ.

"ಹಾಂ, ಈಗ ಒಂದು ಗಳಿಗೆ ಆಯ್ತು. ಪೊರ್ಬುಗಳು ಎಲ್ಲರ ಹತ್ತಿರ ದಾರಿ ಕೇಳ್ತಾರೆ, ತಲೆ ಕೆಟ್ಟಿದೆಯೋ ಏನೋ ಅಂತ ಹೇಳಿದ್ರು, ಅಷ್ಟೇ ಹೇಳಿ ಇಟ್ರು." ಅಲಿ ಕಾಕ ಚೀಟಿಯನ್ನು ಜೇಬಿಗೆ ಹಾಕಿದರು. "ನಿಮಗೆ ತಲೆ ಕೆಡುವ ಪ್ರಾಯ ಅಲ್ಲ."

ಎರಿಕ್ ಶರಬತ್ತಿನ ಗ್ಲಾಸು ಕೆಳಗಿಟ್ಟ. ಸುಳ್ಳಿಗೆ ಆಧಾರ ಬೇಕು. ಸತ್ಯ ಸಂಶಯಕ್ಕೆ ಬಂದರೂ ಅದಕ್ಕೂ ಬೇಕು. ಸರಿಯಾದ ದಾರಿ ಹೇಳಿದ ಕಾರಣಕ್ಕೆ ಒಬ್ಬನನ್ನು ಕಳ್ಳ ಎನ್ನಲು ಬರುವುದಿಲ್ಲ.

ಗಂಟೆ ಹತ್ತು ಐವತ್ತೆರಡು.

ಆಗ ಕೌಂಟರಿನ ಮೇಲಿನ ಫೋನು ಬಡಿದುಕೊಂಡಿತು. ಮೊಟ್ಟೆ ತರುವ ವ್ಯಾನಿನ ಹೊಸ ಡ್ರೈವರ್, ದಾರಿ ತಪ್ಪಿದ್ದ. ಅಲಿ ಕಾಕ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಡುತ್ತಾ, ತಮ್ಮ ಕೆಟ್ಟ ಹಿಂದಿಯಲ್ಲಿ ದಾರಿ ಹೇಳತೊಡಗಿದರು. ಎಲ್ಲಿದ್ದೀಯ? ಸರಿ. ದಲ್ಲಾ ರೌಂಡ್‌ಅಬೌಟಿಗೆ ವಾಪಸ್ ಬಾ. ಅಲ್ಲಿಂದ ನೇರ. ಐಸ್ ಫ್ಯಾಕ್ಟರಿ ದಾಟಿ ಬಲಕ್ಕೆ. ಬಾವಿಯ ಹತ್ತಿರ...

ಅಲ್ಲಿಗೆ ಅವರ ಮಾತು ನಿಂತಿತು. ಫೋನಿನೊಳಗೆ ಮೊಟ್ಟೆಯವನು ಹಲೋ ಹಲೋ ಎನ್ನುತ್ತಿದ್ದ.

ಎರಿಕ್ ನೋಟ್‌ಬುಕ್ ಬಿಡಿಸಿ ಕೌಂಟರಿನ ಮೇಲಿಟ್ಟ. ಹಝ್ರತ್ ಗುಲ್ ಹೇಳಿದ ದಾರಿ ಅದರಲ್ಲಿ ಅಕ್ಷರಶಃ ಇತ್ತು. ಅಲಿ ಕಾಕ ಓದಿದರು. ಓದಿ, ರಿಸೀವರನ್ನು ಮೆಲ್ಲ ಕೆಳಗಿಟ್ಟರು. ಆ ಮೊಟ್ಟೆ ಆ ದಿನ ಎಲ್ಲಿಗೆ ತಲುಪಿತು ಎಂಬುದು ತಿಳಿದುಬಂದಿಲ್ಲ.

"ಸ್ವಂತ ವ್ಯಾನ್ ಉಂಟಲ್ಲ ಕಾಕ, ಪಠಾಣನ ಪಿಕಪ್ ಯಾಕೆ?" ಎಂದಳು ಕಾರ್ಮಿನ್.

"ನನ್ನ ವ್ಯಾನಿನ ಮೇಲೆ ನನ್ನ ಹೆಸರು ಉಂಟು ಬಾಯಮ್ಮ. ಹಾಲ್ ಎದುರು ನಿಲ್ಲಿಸಿದರೆ ಮೂರು ನಿಮಿಷದಲ್ಲಿ ಗ್ರೂಪಿನಲ್ಲಿ ಫೋಟೋ."

"ಮುಚ್ಚಳ ಎಲ್ಲಿ?" ಎಂದ ಎರಿಕ್.

"ಈರುಳ್ಳಿಯ ಕೆಳಗೆ."

*

ಅಂಗಡಿಯ ಹಿಂದಿನ ಗೋದಾಮಿನಲ್ಲಿ ಏಳು ಮೂಟೆ ಈರುಳ್ಳಿ ಇತ್ತು. ಆರನ್ನು ಎತ್ತಿದ್ದು ಎರಿಕ್. ಒಂದನ್ನು ಎತ್ತಿದ ಅಲಿ ಕಾಕ ಸೊಂಟ ಹಿಡಿದು ನಿಂತರು. ಬೆಡ್‌ಶೀಟು ಸರಿಸಿದಾಗ ಮುಚ್ಚಳ ಕಂಡಿತು, ಚಿನ್ನದ ಬಣ್ಣ ಅಲ್ಲಲ್ಲಿ ಎದ್ದು, ನೆತ್ತಿಯ ಗುಬುಟು ಸ್ವಲ್ಪ ವಾಲಿ.

ಎರಿಕ್ ಟೇಪು ತೆಗೆದು ಅಳೆದ. ನಾಲ್ಕಡಿ. ಅಂಚಿನಲ್ಲಿ ಒಂದು ಬಿರುಕು, ರಶೀದಿಯಲ್ಲಿ ನಮೂದಾದಂತೆಯೇ.

"ಇನ್ನು ತಿರುವಿ ನೋಡಿ," ಎಂದರು ಅಲಿ ಕಾಕ.

ಮೂವರೂ ಸೇರಿ ಮಗುಚಿದರು. ಒಳಮೈಯಲ್ಲಿ ಕಪ್ಪು ಬಣ್ಣದ ಕುಂಚದಿಂದ, ಕನ್ನಡದಲ್ಲಿ, ಒಂದರ ಕೆಳಗೊಂದು ನಾಲ್ಕು ಹೆಸರು: ಕುಶಲ. ಲಾದ್ರು. ಹಮ್ಮಬ್ಬ. ಅಲಿ. ಕೆಳಗೆ 1985.

ಬ್ರೆಡ್ಡಿನ ವ್ಯಾನಿಗೆ ಮೊದಲು ಅಲಿ ಕಾಕ ಟುಬ್ಲಿಯ ಫೈಬರ್‌ಗ್ಲಾಸ್ ವರ್ಕ್‌ಶಾಪಿನಲ್ಲಿದ್ದರು. ಗಿಂಡಿಯನ್ನು ಅಚ್ಚು ಹಾಕಿದ್ದು ಅಲ್ಲಿನ ನಾಲ್ವರು. ಕೊನೆಯ ದಿನ ಬಣ್ಣ ಉಳಿದಿತ್ತು, ಹೆಸರು ಬರೆದರು. ಅದು ಮುಚ್ಚಳದ ಒಳಗೆ, ಹಕ್ಕಿಗೂ ಕಾಣದಂತೆ, ಇಪ್ಪತ್ತಾರು ವರ್ಷ ಬಯಲಿನ ಮೇಲೆ ನಿಂತಿತ್ತು. ಕುಶಲ ತೀರಿಕೊಂಡದ್ದು ಊರಿನಲ್ಲಿ. ಲಾದ್ರುವನ್ನು ಮಣ್ಣು ಮಾಡಿದ್ದು ಇಲ್ಲೇ.

ಮೌರಿಸ್ ಮುಚ್ಚಳವನ್ನು ಜನರ ತಲೆಯ ಮೇಲೆ ತೂಗುಹಾಕುವವರಿದ್ದರು. ಕೆಳಗಿನಿಂದ ನೋಡಿದವರಿಗೆ ಒಳಮೈ ಕಾಣುತ್ತದೆ. ಆದ್ದರಿಂದ ಎರಡೂ ಬದಿಗೆ ಹೊಸ ಚಿನ್ನದ ಬಣ್ಣ ಹೊಡೆಸಲು ಮಂಗಳವಾರಕ್ಕೆ ಪೇಂಟರನ್ನು ಗೊತ್ತು ಮಾಡಿದ್ದರು. ಅಲಿ ಕಾಕ ಸಭೆಯಲ್ಲಿ ಬೇಡವೆಂದು ಎರಡು ಸಲ ಹೇಳಿದರು. ಎರಡು ಸಲವೂ ಸಭೆ ಊಟದ ಮೆನುವಿಗೆ ಹೋಯಿತು. ಒಳಗೆ ಯಾರದೋ ಹೆಸರಿದೆ ಎಂದರೆ ಮೌರಿಸ್ ಅದಕ್ಕೊಂದು ಉಪಸಮಿತಿ ಮಾಡುತ್ತಾರೆ ಎಂಬ ಭಯದಿಂದ ಅವರು ಕಾರಣ ಹೇಳಲಿಲ್ಲ. ಸೋಮವಾರ ಹೋಗಿ, ಮುಚ್ಚಳವನ್ನು ಚಕ್ರದ ಹಾಗೆ ಉರುಳಿಸಿ ಹೊರಗೆ ತಂದರು. ಪೇಂಟರು ಬಂದು ಹೋದ ಮೇಲೆ, ಗುರುವಾರ ಮಧ್ಯಾಹ್ನ ತಾವೇ ಒಯ್ದು ಇಟ್ಟುಬಿಡುವುದೆಂದು ಯೋಜನೆ.

"ಮತ್ತೆ ನಿಝಾಮ್?" ಎಂದ ಎರಿಕ್.

"ಅವನಿಗೆ ಎಂತ ಆಯ್ತು?"

ಅಲಿ ಕಾಕನ ಮುಖ ನೋಡಿದ ಎರಿಕ್, ಅವರ ಫೋನು ಕೇಳಿ ತೆಗೆದುಕೊಂಡ. ಕೂಟದ ಗುಂಪು ಅಲ್ಲಿ ಮೌನವಾಗಿತ್ತು. ಗುಡ್ ಮಾರ್ನಿಂಗ್ ಹೂಗಳ ಕಾಟಕ್ಕೆ ಕಳೆದ ವರ್ಷವೇ ಸದ್ದು ತೆಗೆದಿಟ್ಟದ್ದು. ಓದದ ಸಂದೇಶಗಳು 1,412. ಮುಚ್ಚಳ ಕಳವಾದ ಸುದ್ದಿ, ನಿಝಾಮನ ಮೇಲೆ ಆರೋಪ, ಹನ್ನೆರಡು ಗಂಟೆಯ ಗಡುವು, ಎಲ್ಲವೂ ಆ ರಾಶಿಯಲ್ಲೇ ಇದ್ದವು.

ಕಾರ್ಮಿನ್ ಎರಡು ವಾಕ್ಯದಲ್ಲಿ ಹೇಳಿದಳು. ಅಲಿ ಕಾಕ ಈರುಳ್ಳಿ ಮೂಟೆಯ ಮೇಲೆ ಕುಳಿತುಬಿಟ್ಟರು.

"ಆ ಮಗುವಿನ ನಿಖಾಹ್‌ಗೆ ನಾನು ಖರ್ಜೂರ ಕಟ್ಟಿ ಇಟ್ಟಿದ್ದೇನೆ ಪೊರ್ಬುಗಳೇ," ಎಂದರು. "ಏಳಿ. ನನ್ನ ವ್ಯಾನಿಗೆ ಹಾಕುವ. ಮೌರಿಸ್‌ನ ಎದುರು ನಾನೇ ಹೇಳ್ತೇನೆ. ಕಳ್ಳ ನಾನು ಅಂತ ಬರೆದುಕೊಡ್ತೇನೆ, ಬೇಕಾದರೆ ಚೌಕಟ್ಟು ಹಾಕಿಸಿ ಅದನ್ನೇ ತೂಗುಹಾಕಲಿ."

ಗಂಟೆ ಹನ್ನೊಂದು ಹತ್ತೊಂಬತ್ತು. ಅಂಗಡಿಯಿಂದ ಸಭಾಂಗಣಕ್ಕೆ ಇಪ್ಪತ್ತಾರು ನಿಮಿಷ. ಎರಿಕ್ ಲೆಕ್ಕ ಹಾಕಿದ: ಹದಿನೈದು ನಿಮಿಷ ಉಳಿಯುತ್ತದೆ. ಇಂಥ ಕೇಸು ಕಂಪನಿಯಲ್ಲಾದರೆ ಫೈಲು ಮುಚ್ಚಿ ಊಟಕ್ಕೆ ಹೋಗುವ ಹೊತ್ತು.

ಆಗ ಎರಿಕ್‌ನ ಫೋನಿಗೆ ಮೌರಿಸ್ ಬಂದರು. ಅವನು ಸ್ಪೀಕರ್ ಹಾಕಿದ.

"ನಿಮ್ಮ ದಾರಿ ಕೇಳುವ ಕೆಲಸ ಇನ್ನು ನಿಲ್ಲಿಸಬಹುದು," ಎಂದರು ಮೌರಿಸ್. "ನಿಝಾಮ್ ಒಪ್ಪಿಕೊಂಡ. ಹನ್ನೊಂದಕ್ಕೆ ಸರಿಯಾಗಿ ಮುಚ್ಚಳ ತಂದು ಇಳಿಸಿದ. ನಾನೇ ಕದ್ದೆ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿದ್ದಾನೆ."

ಮೂವರೂ ನೆಲದ ಮೇಲಿದ್ದ ಮುಚ್ಚಳವನ್ನು ನೋಡಿದರು. ಅದು ಅಲ್ಲೇ ಇತ್ತು.

"ಯಾವ ಮುಚ್ಚಳ?" ಎಂದ ಎರಿಕ್.

"ಯಾವುದು ಅಂದರೆ? ಗಿಂಡಿಗೆ ಎಷ್ಟು ಮುಚ್ಚಳ ಇರ್ತದೆ?"

"ಒಳಗೆ ತಿರುವಿ ನೋಡಿದ್ರಾ?"

ಆ ಕಡೆ ಉರುಳಿಸುವ ಸದ್ದು. ಯಾರೋ 'ಅಯ್ಯೋ ಕಾಲು' ಎಂದು ನರಳಿದರು. "ಕನ್ನಡದಲ್ಲಿ ನಾಲ್ಕು ಹೆಸರು ಉಂಟು. ಕುಶಲ, ಲಾದ್ರು, ಹಮ್ಮಬ್ಬ, ಅಲಿ. ಕೆಳಗೆ ಒಂದು ಸಾವಿರದ ಒಂಬೈನೂರ ಎಂಬತ್ತೈದು. ಇದು ಯಾರದ್ದೆಲ್ಲ ಹೆಸರು? ಇದಕ್ಕೆ ಒಂದು ಉಪಸಮಿತಿ ಮಾಡಬೇಕು."

ಅಲಿ ಕಾಕ ಎದ್ದು ನಿಂತರು.

ಎರಿಕ್ ನಿಧಾನವಾಗಿ, ಒಂದೊಂದೇ ಅಂಶವಾಗಿ, ನಿಜವಾದ ಮುಚ್ಚಳ ತನ್ನ ಎದುರಿದೆ, ರಶೀದಿಯ ಬಿರುಕೂ ಇದೆ, ನಿಝಾಮ್ ಏನನ್ನೂ ಕದ್ದಿಲ್ಲ ಎಂದು ವಿವರಿಸಿದ.

"ಅಂದರೆ ಎರಡು ಮುಚ್ಚಳ ಕದ್ದಿದ್ದಾನೆ," ಎಂದರು ಮೌರಿಸ್. "ಎರಡನೆಯದನ್ನೂ ದೂರಿಗೆ ಸೇರಿಸ್ತೇನೆ. ನಿಮ್ಮದು ಹನ್ನೆರಡರೊಳಗೆ ನನ್ನ ಕಣ್ಣಿಗೆ ಬಿದ್ದರೆ ಆಮೇಲೆ ಮಾತಾಡುವ. ಇಲ್ಲದಿದ್ದರೆ ಅವನನ್ನು ಕರೆದುಕೊಂಡು ಸ್ಟೇಷನ್ನಿಗೆ ಹೊರಟೆ. ಸಾಕ್ಷಿಯೂ ಇದ್ದಾರೆ. ಒಬ್ಬರು ಮುದುಕರು ಅವನ ಜೊತೆಯಲ್ಲೇ ಬಂದಿದ್ದಾರೆ, ಮುಚ್ಚಳದ ಇನ್ನೊಂದು ತುದಿ ಹಿಡಿದದ್ದು ಅವರೇ. ನಮ್ಮ ಊರಿನ ಬ್ಯಾರಿಯವರ ಹಾಗೆ ಕಾಣ್ತದೆ. ಕಾಸ್‌ವೇ ಸೇತುವೆ ದಾಟಿ ಸೌದಿಯಿಂದ ಬಂದದ್ದಂತೆ. ಹೆಸರು ಕೇಳಿದರೆ ನಗ್ತಾರೆ."

ಹೆಸರು ಬರೆದ ದಿನ ಆ ವರ್ಕ್‌ಶಾಪಿನಲ್ಲಿದ್ದವರು ನಾಲ್ವರು. ಇಬ್ಬರು ಮಣ್ಣಿನಲ್ಲಿ, ಒಬ್ಬರು ಈರುಳ್ಳಿಯ ನಡುವೆ.

ಅಲಿ ಕಾಕ ಫೋನಿನ ಹತ್ತಿರ ಬಂದು, ಎರಿಕ್‌ನ ಕಿವಿಯಲ್ಲಿ ಪಿಸುಗುಟ್ಟಿದರು. ಎರಿಕ್ ಅದನ್ನೇ ಗಟ್ಟಿಯಾಗಿ ಕೇಳಿದ. "ಆ ಮುದುಕರ ಎಡಗೈಯಲ್ಲಿ ಬೆರಳು ಎಷ್ಟು?"

"ಇದು ಎಂತ ಪ್ರಶ್ನೆ ಮಾರಾಯ್ರೆ? ಮನುಷ್ಯನಿಗೆ..." ಮೌರಿಸ್ ಮಾತು ನಿಲ್ಲಿಸಿದರು. ಎಣಿಸುವಷ್ಟು ಹೊತ್ತು ಕಳೆಯಿತು. ಎಣಿಸುವುದರಲ್ಲಿ ಅವರು ಎಂದೂ ಅವಸರ ಮಾಡಿದವರಲ್ಲ. "ನಾಲ್ಕು," ಎಂದರು.

ಅಲಿ ಕಾಕ ಫೋನಿನ ಕೆಂಪು ಗುಂಡಿ ಒತ್ತಿದರು. ಹಮ್ಮಬ್ಬ ಬಹರೈನ್ ಬಿಟ್ಟದ್ದು ಯಾವಾಗ ಎಂದು ಎರಿಕ್ ಕೇಳಿದ. 1991 ಎಂಬ ಉತ್ತರ ಬಂತು. ಯಾಕೆ ಎಂದು ಕೇಳಿದಾಗ ಅಲಿ ಕಾಕ ಬೆಡ್‌ಶೀಟು ಎತ್ತಿ ಮಡಚತೊಡಗಿದರು. ಮುಚ್ಚಳದ ಒಂದು ತುದಿಯನ್ನು ಆಗಲೇ ಎತ್ತಿ ನಿಂತಿದ್ದ ಕಾರ್ಮಿನ್, ಮಾತು ಆಮೇಲೆ ಆಡಬಹುದು, ನಿಝಾಮನಿಗೆ ಇನ್ನು ಮೂವತ್ತೈದು ನಿಮಿಷವೂ ಇಲ್ಲ ಎಂದಳು.

ಅಲಿ ಕಾಕ ಗೋದಾಮಿನಿಂದ ಅಂಗಡಿಗೆ ನಡೆದರು. ವ್ಯಾನಿನ ಕೀಲಿ ತರಲು ಹೋದರೆಂದು ಇಬ್ಬರೂ ತಿಳಿದರು. ಬದಲಿಗೆ ಕಬ್ಬಿಣದ ದೊಡ್ಡ ಸದ್ದು ಕೇಳಿಸಿತು, ಬೆಳಕು ಹೋಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಹಾಡಹಗಲಲ್ಲಿ ಆ ಅಂಗಡಿಯ ಶಟರು ಕೆಳಗಿಳಿದಿತ್ತು, ಒಳಗಿನಿಂದ.

ಬೀಗ ಬಿದ್ದ ಶಬ್ದದ ಮೇಲೆ ಅಲಿ ಕಾಕನ ಮಾತು ಕತ್ತಲಿನಿಂದ ಬಂತು.

"ನಿಝಾಮ್ ಒಳ್ಳೆಯ ಹುಡುಗ. ಅವನ ಮಗಳೂ ಒಳ್ಳೆಯವಳು. ಆದರೆ ಈ ಎರಡು ಮುಚ್ಚಳ ಎದುರುಬದುರಾದರೆ ತೊಂಬತ್ತೊಂದರಲ್ಲಿ ಮುಚ್ಚಿಟ್ಟದ್ದೆಲ್ಲ ಹೊರಗೆ ಬರ್ತದೆ. ಹಮ್ಮಬ್ಬ ಈ ದ್ವೀಪ ಬಿಟ್ಟು ಹೋಗುವವರೆಗೆ ಈ ಮುಚ್ಚಳ ಹೊರಗೆ ಹೋಗುದಿಲ್ಲ ಪೊರ್ಬುಗಳೇ. ನೀವಿಬ್ಬರೂ ಹೋಗುದಿಲ್ಲ."